ಎಂಟು ಬ್ಯಾಟರಿಯ ಕಾರು

ಬೆಂಗಳೂರಿನ ಬ್ಯಾಟರಿ ಕಾರು ರೇವಾದ ಉದ್ದ 2.64 ಮೀಟರ್, ಅಗಲ 1.32 ಮೀಟರ್. ಬ್ಯಾಟರಿಯೂ ಸೇರಿ ತೂಕ ಸುಮಾರು 665 ಕೆ.ಜಿ., ಅಂದರೆ ಹೆಚ್ಚುಕಡಿಮೆ ಒಂದು ಮಾರುತಿ 800ರಷ್ಟು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಕಾಲು ಮಡಚಿ ಕೂರಬಲ್ಲ ಇಬ್ಬರು ಮಕ್ಕಳು. ಮುಂದಿನ ಸೀಟಿನ ಅಡಿಯಲ್ಲಿ ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿ. ಕಾರಿನ ಉಳಿದ ಭಾಗದ ಬಗ್ಗೆ ನನಗೆ ಹೆಚ್ಚು ಗೊತ್ತಿಲ್ಲದಿರಬಹುದು, ಈ ಎಂಟರ ವಿಷಯ ಮಾತ್ರ ಚೆನ್ನಾಗಿ ಬಲ್ಲೆ.

ನಮ್ಮದು ಅದೇ ಊರಿನ ಜೆ.ಸಿ. ರಸ್ತೆಯ ಬ್ಯಾಟರಿ ಅಂಗಡಿ. ಶುರು ಮಾಡಿದ್ದು ನಮ್ಮಪ್ಪ. ಲಾರಿ, ಟ್ಯಾಕ್ಸಿ, ಆಮೇಲೆ ಕರೆಂಟು ಹೋಗುವ ಕಾಲದಲ್ಲಿ ಇನ್ವರ್ಟರ್, ಹೀಗೆ ಬಂದದ್ದಕ್ಕೆಲ್ಲ ಹೈಡ್ರೋಮೀಟರ್ ಇಳಿಬಿಟ್ಟು ಸೆಲ್ ನೋಡುವುದು, ಡಿಸ್ಟಿಲ್ಡ್ ವಾಟರ್ ಹಾಕುವುದು, ಟರ್ಮಿನಲ್ಲಿಗೆ ಕಟ್ಟಿದ ಬಿಳಿ ಪುಡಿಯನ್ನು ಬಿಸಿನೀರಲ್ಲಿ ತೊಳೆದು ವ್ಯಾಸಲೀನ್ ಬಳಿಯುವುದು, ಸತ್ತದ್ದನ್ನು ತೂಕಕ್ಕೆ ಹಾಕಿ ಗುಜರಿಗೆ ಕಳಿಸುವುದು. ಬ್ಯಾಟರಿ ವ್ಯಾಪಾರದಲ್ಲಿ ಇದ್ದವನಿಗೆ ಒಂದು ಅಭ್ಯಾಸ ಬಿಡುವುದಿಲ್ಲ: ಯಾವುದನ್ನು ಕಂಡರೂ ಎತ್ತಿ ತೂಕ ನೋಡುವುದು. ದೊಡ್ಡ ಎಲೆಕ್ಟ್ರಿಕ್ ಕಾರು ಕೊಂಡರೆ ಭೂಮಿಯ ಬಿಸಿ ಕಡಿಮೆಯಾಗುತ್ತದೆಯೇ ಎಂದು ಈಗ ಕೇಳುವವರಿಗೆಲ್ಲ ನಾನು ತೂಕದ ಲೆಕ್ಕದಿಂದಲೇ ಶುರು ಮಾಡುತ್ತೇನೆ. ಆ ಲೆಕ್ಕ ನಮ್ಮ ಊರಿನ ಚರಿತ್ರೆಯೂ ಹೌದು.

ಬ್ಯಾಟರಿ ಕಾರು ನಿನ್ನೆ ಮೊನ್ನೆಯದಲ್ಲ. 1900ರಲ್ಲಿ ಅಮೆರಿಕದಲ್ಲಿ ತಯಾರಾದ ಸುಮಾರು 4,200 ಕಾರುಗಳಲ್ಲಿ 1,500ಕ್ಕಿಂತ ಹೆಚ್ಚು ಬ್ಯಾಟರಿಯವು. ಉಗಿ ಕಾರುಗಳು ಅದಕ್ಕಿಂತ ಒಂದಿಷ್ಟು ಜಾಸ್ತಿ. ಪೆಟ್ರೋಲಿನವು ಸಾವಿರವೂ ಇರಲಿಲ್ಲ. ಹೆನ್ರಿ ಫೋರ್ಡ್‌ನ ಹೆಂಡತಿ ಕ್ಲಾರಾ ಓಡಿಸುತ್ತಿದ್ದದ್ದೇ ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ಬ್ಯಾಟರಿ ಕಾರು. ಪೆಟ್ರೋಲ್ ಕಾರಿಗೆ ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಿತ್ತು, ಅದು ತಿರುಗಿ ಹೊಡೆದರೆ ಮಣಿಕಟ್ಟು ಮುರಿಯುತ್ತಿತ್ತು. 1908ರಲ್ಲಿ ಫೋರ್ಡ್‌ನ ಅಗ್ಗದ ಮಾಡೆಲ್ ಟಿ ಬಂತು. 1912ರಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿಗೆ ಕೂತಿತು. ಬ್ಯಾಟರಿ ಕಾರಿನ ಕಥೆ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಇಂಜಿನ್ ಸ್ಟಾರ್ಟ್ ಮಾಡಲೆಂದು ಇಟ್ಟ ಸಣ್ಣ ಬ್ಯಾಟರಿ ದೊಡ್ಡ ಬ್ಯಾಟರಿಯ ಕಾರನ್ನೇ ಮೂಲೆಗೆ ತಳ್ಳಿತು. ನಮ್ಮ ಮನೆಯವರು ಮೂರು ಹೊತ್ತು ಉಂಡದ್ದು ಆ ಸಣ್ಣ ಬ್ಯಾಟರಿಯಿಂದ, ಹಾಗಾಗಿ ಕೆಟರಿಂಗ್ ಮೇಲೆ ನನಗೇನೂ ದೂರಿಲ್ಲ.

ಅದೇ ಹೊತ್ತಿಗೆ ನಮ್ಮ ಕಡೆ ವಿದ್ಯುತ್ತು ಬೇರೆ ದಾರಿಯಲ್ಲಿ ಬರುತ್ತಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದರು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ದೀಪ ಬಂದು ಸುಮಾರು ನೂರು ವರ್ಷದ ಮೇಲೆ ಅದೇ ಊರಿನಿಂದ, ಅದೇ ಕರೆಂಟಿನಲ್ಲಿ ಓಡುವ ಕಾರು ಹೊರಟಿತು.

ಅದಕ್ಕೂ ಮುಂಚೆ ನಮ್ಮ ದೇಶದಲ್ಲಿ ಪ್ರಯತ್ನ ನಡೆಯದೆ ಇರಲಿಲ್ಲ. 1993ರಲ್ಲಿ ಕೇರಳದ ಚಾಲಕುಡಿಯಿಂದ ಲವ್‌ಬರ್ಡ್ ಎಂಬ ಎರಡು ಸೀಟಿನ ಬ್ಯಾಟರಿ ಕಾರು ಬಂದು, ಬಂದಷ್ಟೇ ಬೇಗ ಮರೆಯಾಯಿತು. ಬೆಂಗಳೂರಿನ ಮೈನಿ ಮನೆತನದ ಚೇತನ್ ಮೈನಿ ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ 1990ರಲ್ಲಿ ಸೌರ ಕಾರು ಕಟ್ಟಿದ ವಿದ್ಯಾರ್ಥಿ ತಂಡದಲ್ಲಿದ್ದವರು. ಆ ಕಾರು ಅಮೆರಿಕದ ಸೌರ ಕಾರುಗಳ ಓಟ ಗೆದ್ದು, ಆಸ್ಟ್ರೇಲಿಯಾದ ಓಟದಲ್ಲಿ ಮೂರನೆಯದಾಯಿತು. ಮೈನಿ ಮನೆತನದವರು ಕ್ಯಾಲಿಫೋರ್ನಿಯಾದ ಅಮೆರಿಗಾನ್ ಕಂಪನಿಯ ಜೊತೆ ಸೇರಿ 1994ರಲ್ಲಿ ರೇವಾ ಸಂಸ್ಥೆ ಕಟ್ಟಿದರು. ಹೆಸರು ಚೇತನ್ ಅವರ ತಾಯಿಯದು. ಕಾರ್ಖಾನೆ ಹೊಸೂರು ರಸ್ತೆಯ ಬೊಮ್ಮಸಂದ್ರದಲ್ಲಿ. 2001ರಲ್ಲಿ ಕಾರು ರಸ್ತೆಗಿಳಿಯಿತು.

ಮೈ ಪೂರ್ತಿ ಪ್ಲಾಸ್ಟಿಕ್ಕು, ಬಣ್ಣ ಪ್ಲಾಸ್ಟಿಕ್ಕಿನಲ್ಲೇ ಬೆರೆತದ್ದು. ತಗಡು ನೆಗ್ಗುವ ಪ್ರಶ್ನೆಯೇ ಇಲ್ಲ. ಮನೆಯ 15 ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸಿದರೆ ಎಂಟು ಗಂಟೆಯಲ್ಲಿ ಪೂರ್ತಿ ಚಾರ್ಜು. ಒಮ್ಮೆ ತುಂಬಿಸಿದರೆ 80 ಕಿ.ಮೀ. ಎಂದು ಲೆಕ್ಕ. ವೇಗ ಗಂಟೆಗೆ 65 ಕಿ.ಮೀ., ಆಮೇಲಿನ ಮಾದರಿಯಲ್ಲಿ 80. ಎಂಟೂ ಬ್ಯಾಟರಿ ಸೇರಿ ಹಿಡಿಯುತ್ತಿದ್ದದ್ದು 9.6 ಯೂನಿಟ್. ಬೆಸ್ಕಾಂ ಬಿಲ್ಲಿನಲ್ಲಿ ಬರುತ್ತದಲ್ಲ, ಅದೇ ಯೂನಿಟ್ಟು. ಅದನ್ನು ಹೊರಲು ಬೇಕಾದ ಸೀಸ, ಆ್ಯಸಿಡ್ ಎಲ್ಲ ಸೇರಿ ಸುಮಾರು 270 ಕೆ.ಜಿ.

ನಮ್ಮ ಅಂಗಡಿಗೆ ರೇವಾ ತರುತ್ತಿದ್ದವರಲ್ಲಿ ಬಸವನಗುಡಿಯ ಒಬ್ಬ ನಿವೃತ್ತ ಪ್ರೊಫೆಸರಮ್ಮ ಇದ್ದರು. ಒಬ್ಬರೇ ಓಡಿಸಿಕೊಂಡು ಬಂದು, ಅಂಗಡಿ ಮುಂದೆ ಎರಡು ಸ್ಕೂಟರ್ ನಡುವೆ ಆರಾಮಾಗಿ ನಿಲ್ಲಿಸಿ, "ಏನಪ್ಪಾ, ಇದಕ್ಕೆ ಸ್ವಲ್ಪ ನೀರು ಕುಡಿಸ್ತೀಯಾ?" ಅನ್ನುತ್ತಿದ್ದರು. ನಮ್ಮಪ್ಪನಿಗೆ ಆ ಕಾರಿನ ಮೇಲೆ ಅನುಮಾನ, ಆಕೆಯ ಮೇಲೆ ಗೌರವ. "ಎಂಟು ಬ್ಯಾಟರಿ ಅಂದ್ರೆ ಇಪ್ಪತ್ನಾಕು ಸೆಲ್ಲು ತಾಯಿ. ಒಂದಕ್ಕೆ ಬಾಯಾರಿದ್ರೂ ಮಿಕ್ಕಿದ್ದೆಲ್ಲ ಸುಸ್ತಾಗ್ತವೆ" ಅನ್ನುತ್ತಿದ್ದ. ನಿಜವೇ. ಸಾಲಾಗಿ ಕಟ್ಟಿದ ಸೆಲ್ಲುಗಳಲ್ಲಿ ಬಡಕಲಾದದ್ದು ಎಷ್ಟು ಕೊಡುತ್ತದೋ ಅಷ್ಟೇ ಎಲ್ಲದರ ಪಾಲಿಗೂ.

ಸೀಸದ ಬ್ಯಾಟರಿಯ ಗುಣವೇ ಅದು. ಪೂರ್ತಿ ಖಾಲಿ ಮಾಡಿದರೆ ಪ್ಲೇಟು ಹಾಳು, ಖಾಲಿ ಬಿಟ್ಟು ಊರಿಗೆ ಹೋದರೆ ಇನ್ನೂ ಹಾಳು. ಮೂರು ನಾಲ್ಕು ವರ್ಷಕ್ಕೆ ಎಂಟನ್ನೂ ಬದಲಾಯಿಸಬೇಕು. ಆದ್ದರಿಂದ ರೇವಾ ಓಡಿಸುವವರು ಮೀಟರ್ ಮೇಲೆ ಒಂದು ಕಣ್ಣಿಟ್ಟು ಓಡಿಸುತ್ತಿದ್ದರು. ಇಳಿಜಾರಿನಲ್ಲಿ ಕಾಲು ತೆಗೆಯುವುದು, ಸಿಗ್ನಲ್ಲಿನಲ್ಲಿ ಧಾವಂತ ಮಾಡದಿರುವುದು, ದಿನದ ಓಡಾಟವನ್ನು ಬೆಳಿಗ್ಗೆಯೇ ಮನಸ್ಸಿನಲ್ಲಿ ಅಳೆದುಕೊಳ್ಳುವುದು ಅವರಿಗೆ ರೂಢಿ. ಪೆಟ್ರೋಲ್ ಕಾರಿನವರಲ್ಲಿ ನಾನು ಇಂಥ ಲೆಕ್ಕಾಚಾರ ಕಂಡದ್ದು ಕಡಿಮೆ.

ರೇವಾಕ್ಕೆ ಹೆಚ್ಚು ಮರ್ಯಾದೆ ಸಿಕ್ಕಿದ್ದು ಲಂಡನ್ನಿನಲ್ಲಿ. ಅಲ್ಲಿ 2003ರ ಫೆಬ್ರುವರಿಯಿಂದ ನಗರದ ನಡುಭಾಗಕ್ಕೆ ಕಾರು ತಂದರೆ ದಿನಕ್ಕೆ ಐದು ಪೌಂಡ್ ತೆರಬೇಕಾಯಿತು. ಬ್ಯಾಟರಿ ಕಾರಿಗೆ ಆಗ ವಿನಾಯಿತಿ. 2004ರಿಂದ ಜಿ-ವಿಜ್ ಎಂಬ ಹೆಸರಿನಲ್ಲಿ ರೇವಾ ಅಲ್ಲಿ ಮಾರಾಟವಾಗಿ, ಸಾವಿರಕ್ಕೂ ಹೆಚ್ಚು ಕಾರುಗಳು ಲಂಡನ್ನಿನ ರಸ್ತೆ ಕಂಡವು. ಯುರೋಪಿನ ನಿಯಮದಲ್ಲಿ ಅದು ಕಾರೂ ಅಲ್ಲ, ನಾಲ್ಕು ಗಾಲಿಯ ಹಗುರ ವಾಹನ. ಬ್ಯಾಟರಿ ಬಿಟ್ಟು 400 ಕೆ.ಜಿ. ಮೀರಬಾರದು ಎಂಬ ವರ್ಗ. ಆ ವರ್ಗಕ್ಕೆ ಕಾರುಗಳ ಡಿಕ್ಕಿ ಪರೀಕ್ಷೆಯ ಕಟ್ಟುಪಾಡು ಇರಲಿಲ್ಲ. 2007ರಲ್ಲಿ ಬ್ರಿಟನ್ನಿನಲ್ಲಿ ಪರೀಕ್ಷೆ ಮಾಡಿ ನೋಡಿದಾಗ ಸುರಕ್ಷತೆಯ ಬಗ್ಗೆ ದೊಡ್ಡ ಗದ್ದಲವೇ ಎದ್ದಿತು. ಗದ್ದಲದಲ್ಲಿ ಹುರುಳಿತ್ತು. ಆದರೆ ಅದರ ಆಚೆ ಬದಿಯನ್ನು ಯಾರೂ ಕೇಳಲಿಲ್ಲ: ರೇವಾ ಬಂದು ಗುದ್ದಿದರೆ ಸೈಕಲ್ಲಿನವನಿಗೆ ಏನಾಗುತ್ತದೆ, ಎರಡೂವರೆ ಟನ್ನಿನ ಗಾಡಿ ಗುದ್ದಿದರೆ ಏನಾಗುತ್ತದೆ?

ಜಗತ್ತಿನ ಎಲ್ಲ ದೇಶ ಸೇರಿಸಿದರೂ ರೇವಾ ಮಾರಿದ್ದು ನಾಲ್ಕೂವರೆ ಸಾವಿರದ ಆಸುಪಾಸು. ನಮ್ಮೂರಿನವರು ಅದನ್ನು ಆಟದ ಸಾಮಾನು ಎಂದರು. ಮದುವೆಗೆ ಹೋದರೆ ಪಾರ್ಕಿಂಗಿನ ಹುಡುಗರು ನಗುತ್ತಾರೆ ಎಂದು ನನ್ನ ಗಿರಾಕಿಯೊಬ್ಬರು ಮಾರಿಬಿಟ್ಟರು.

ಆಮೇಲೆ ಲಿಥಿಯಂ ಬಂತು. ನಮ್ಮ ದಂಧೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವಿಲ್ಲ. ಒಂದು ಕೆ.ಜಿ. ಸೀಸದ ಬ್ಯಾಟರಿ ಹಿಡಿಯುವುದರ ನಾಲ್ಕು ಪಟ್ಟು ಕರೆಂಟನ್ನು ಒಂದು ಕೆ.ಜಿ. ಲಿಥಿಯಂ ಬ್ಯಾಟರಿ ಹಿಡಿಯುತ್ತದೆ. ನೀರು ಕೇಳುವುದಿಲ್ಲ, ಆ್ಯಸಿಡ್ ಉಕ್ಕುವುದಿಲ್ಲ, ಹತ್ತು ವರ್ಷದ ಹತ್ತಿರ ಬಾಳುತ್ತದೆ. ಬೆಲೆಯದೇ ತೊಡಕಾಗಿತ್ತು. 2010ರ ಸುಮಾರಿಗೆ ಒಂದು ಯೂನಿಟ್ ಹಿಡಿಯುವ ಬ್ಯಾಟರಿಗೆ ಸಾವಿರ ಡಾಲರಿನ ಮೇಲಿತ್ತು. 2024ಕ್ಕೆ ಅದು ಸರಾಸರಿ 115 ಡಾಲರಿಗೆ ಇಳಿಯಿತು.

ಈಗ ನನ್ನ ತಕರಾರು ಹೇಳುತ್ತೇನೆ. ಬ್ಯಾಟರಿ ನಾಲ್ಕು ಪಟ್ಟು ಹಗುರವಾಯಿತು. ರೇವಾದ 9.6 ಯೂನಿಟ್ಟಿಗೆ 270 ಕೆ.ಜಿ. ಬದಲು 70 ಕೆ.ಜಿ. ಸಾಕಿತ್ತು. ಉಳಿದ 200 ಕೆ.ಜಿ.ಯಲ್ಲಿ ಬಾಗಿಲಿಗೆ ಗಟ್ಟಿ ಉಕ್ಕು, ಏರ್‌ಬ್ಯಾಗು, ಹಿಂದಿನ ಸೀಟಿನಲ್ಲಿ ದೊಡ್ಡವರು ಕೂರುವಷ್ಟು ಜಾಗ, ಎಲ್ಲ ಕೊಟ್ಟು ಸುರಕ್ಷಿತವಾದ ಪುಟ್ಟ ಕಾರು ಮಾಡಬಹುದಿತ್ತು. ಮೊದಲು ಹಾಗೇ ಆಯಿತು ಕೂಡ. 2010ರ ಮೇ ತಿಂಗಳಲ್ಲಿ ಮಹೀಂದ್ರಾ ಕಂಪನಿ ರೇವಾದ ಶೇ 55ರಷ್ಟು ಪಾಲು ಕೊಂಡಿತು. 2013ರಲ್ಲಿ ಲಿಥಿಯಂ ಬ್ಯಾಟರಿಯ ಇ2ಒ ಬಂತು. ಸುಮಾರು 830 ಕೆ.ಜಿ., ನಾಲ್ಕು ಜನ. 2016ರಲ್ಲಿ ನಾಲ್ಕು ಬಾಗಿಲಿನ ಮಾದರಿಯೂ ಬಂತು. ಜನ ಕೊಳ್ಳಲಿಲ್ಲ, 2019ಕ್ಕೆ ನಿಂತುಹೋಯಿತು.

ಬೊಮ್ಮಸಂದ್ರದ ಕಾರ್ಖಾನೆ ಸುಮ್ಮನೆ ಕೂರಲಿಲ್ಲ ಅನ್ನಿ. ಅಲ್ಲಿಂದ ಮುಂದೆ ಟ್ರಿಯೋ ಎಂಬ ಬ್ಯಾಟರಿ ಆಟೋ ಹೊರಟಿತು, 2018ರಲ್ಲಿ. ಅದರ ಬ್ಯಾಟರಿ 7.37 ಯೂನಿಟ್, ರೇವಾದ್ದಕ್ಕಿಂತಲೂ ಚಿಕ್ಕದು. ಬೆಳಗಿನಿಂದ ಸಂಜೆವರೆಗೆ ಬಾಡಿಗೆ ಹೊಡೆಯುವ ಗಾಡಿಗೆ ಏಳು ಯೂನಿಟ್ ಸಾಕಾಗುತ್ತದೆ ಎಂದರೆ, ಮನೆಯಿಂದ ಆಫೀಸಿಗೆ ಹೋಗಿ ಎಂಟು ಗಂಟೆ ನಿಲ್ಲುವ ಗಾಡಿಗೆ ಎಷ್ಟು ಬೇಕು? ಅದೇ ಮಹೀಂದ್ರಾ 2024ರ ನವೆಂಬರಿನಲ್ಲಿ ಚೆನ್ನೈಯಲ್ಲಿ ಎರಡು ದೊಡ್ಡ ಎಲೆಕ್ಟ್ರಿಕ್ ಕಾರುಗಳನ್ನು ಬಿಡುಗಡೆ ಮಾಡಿತು. ಚಿಕ್ಕ ಬ್ಯಾಟರಿ 59 ಯೂನಿಟ್, ದೊಡ್ಡದು 79. ರೇವಾದ ಎಂಟು ಬ್ಯಾಟರಿಯ ಸೆಟ್ ಇತ್ತಲ್ಲ, ಅಂಥ ಎಂಟು ಸೆಟ್ ಒಂದೇ ಕಾರಿನ ಹೊಟ್ಟೆಯಲ್ಲಿ. ಸೀಸದಲ್ಲಿ ಇಷ್ಟು ಹಿಡಿಸಬೇಕೆಂದಿದ್ದರೆ ಬ್ಯಾಟರಿಯೇ ಎರಡು ಟನ್ ಮೀರುತ್ತಿತ್ತು, ಕಾರು ಅಲುಗುತ್ತಲೇ ಇರಲಿಲ್ಲ. ಸೀಸದ ಬಡತನ ನಮ್ಮನ್ನು ಮಿತಿಯಲ್ಲಿಟ್ಟಿತ್ತು. ಲಿಥಿಯಂ ಕೊಟ್ಟ ಬಿಡುವನ್ನು ನಾವು ಗಾಡಿ ಹಗುರ ಮಾಡಲು ಬಳಸದೆ ಉದ್ದ ಅಗಲ ಎತ್ತರಕ್ಕೆ ಸುರಿದೆವು.

ಒಂದು ಕಂಪನಿಯನ್ನು ದೂರಿ ಪ್ರಯೋಜನವಿಲ್ಲ. ಪುಟ್ಟ ಕಾರು ಮಾಡಿ ಇಟ್ಟಾಗ ಕೊಳ್ಳದವರು ನಾವು. ಅಮೆರಿಕದ ಜನರಲ್ ಮೋಟಾರ್ಸ್ ಕಥೆ ಇದಕ್ಕಿಂತ ವಿಚಿತ್ರ. 1996ರಲ್ಲಿ ಅದು ಇವಿ1 ಎಂಬ ಎರಡು ಸೀಟಿನ ಬ್ಯಾಟರಿ ಕಾರು ಮಾಡಿ ಬಾಡಿಗೆಗೆ ಕೊಟ್ಟಿತು. ಕೆಲವೇ ವರ್ಷಕ್ಕೆ ಎಲ್ಲವನ್ನೂ ವಾಪಸು ಪಡೆದು ಬಹುಪಾಲನ್ನು ಯಂತ್ರಕ್ಕೆ ಹಾಕಿ ಅರೆದುಬಿಟ್ಟಿತು. ಅದೇ ಕಂಪನಿ 2021ರ ಕೊನೆಯಿಂದ ಎಲೆಕ್ಟ್ರಿಕ್ ಹಮ್ಮರ್ ಮಾರುತ್ತಿದೆ. ತೂಕ ನಾಲ್ಕು ಟನ್ ಮೀರಿದ್ದು. ಬ್ಯಾಟರಿ 200 ಯೂನಿಟ್ಟಿಗೂ ಹೆಚ್ಚು, ಅದರ ತೂಕವೇ 1,300 ಕೆ.ಜಿ. ದಾಟುತ್ತದೆ. ಅಂದರೆ ಬ್ಯಾಟರಿಯೊಂದೇ ಎರಡು ಇಡೀ ರೇವಾಗಳಷ್ಟು, ಹತ್ತಿರ ಹತ್ತಿರ ಒಂದು ಇಡೀ ಇವಿ1ರಷ್ಟು. 2023ರ ಜನವರಿಯಲ್ಲಿ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ಅಧ್ಯಕ್ಷೆ ಜೆನಿಫರ್ ಹೊಮೆಂಡಿ ಈ ಗಾಡಿಯ ಹೆಸರು ಹೇಳಿಯೇ, ಭಾರದ ಎಲೆಕ್ಟ್ರಿಕ್ ವಾಹನಗಳಿಂದ ರಸ್ತೆಯಲ್ಲಿರುವ ಉಳಿದವರಿಗೆ ಅಪಾಯ ಹೆಚ್ಚುತ್ತದೆ ಎಂದು ಎಚ್ಚರಿಸಿದರು. ರೇವಾ ಬಗ್ಗೆ ಯಾರೂ ಕೇಳದೆ ಬಿಟ್ಟ ಪ್ರಶ್ನೆ ಹೀಗೆ ಸುತ್ತಿ ಬಂತು.

ಇಷ್ಟು ಹಿನ್ನೆಲೆ ಇಟ್ಟುಕೊಂಡು ಲೆಕ್ಕಕ್ಕೆ ಬರೋಣ. ಲೆಕ್ಕ ಕೇಳಿದವನು ನನ್ನ ಅಕ್ಕನ ಮಗ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಮನೆ ಜಯನಗರದಲ್ಲಿ. ಇರುವುದು ಚಿಕ್ಕ ಪೆಟ್ರೋಲ್ ಕಾರು, ಇನ್ನೂ ಚೆನ್ನಾಗಿ ಓಡುತ್ತಿದೆ. ಅದನ್ನು ಕೊಟ್ಟು 79 ಯೂನಿಟ್ಟಿನದು ತರುವ ಆಸೆ.

"ಮಾವ, ಎಲೆಕ್ಟ್ರಿಕ್ ಅಂದ್ಮೇಲೆ ಹೊಗೆ ಇಲ್ಲ ತಾನೆ?"

"ಇದೆ ಕಣೋ. ರಾಯಚೂರಲ್ಲಿದೆ."

ರಾಯಚೂರು, ಬಳ್ಳಾರಿ, ಯರಮರಸ್‌ನ ಉಷ್ಣ ಸ್ಥಾವರಗಳು ಕಲ್ಲಿದ್ದಲು ಸುಡುತ್ತವೆ. ನಮ್ಮಲ್ಲಿ ಶರಾವತಿಯ ನೀರಿದೆ, ಕೈಗಾದ ಅಣುಶಕ್ತಿ ಇದೆ, ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿದ 2,050 ಮೆಗಾವಾಟ್ ಸೌರ ಪಾರ್ಕಿದೆ. ಕರ್ನಾಟಕ ಈ ವಿಷಯದಲ್ಲಿ ಹಲವು ರಾಜ್ಯಗಳಿಗಿಂತ ಮುಂದು. ಆದರೆ ಎಲ್ಲರೂ ಕಾರು ಚಾರ್ಜಿಗೆ ಹಾಕುವುದು ಆಫೀಸಿನಿಂದ ಬಂದು, ಪಾವಗಡದಲ್ಲಿ ಸೂರ್ಯ ಮುಳುಗಿದ ಮೇಲೆ. ತಂತಿ ಇಡೀ ದೇಶಕ್ಕೆ ಒಂದೇ. ದೇಶದ ಸರಾಸರಿ ತೆಗೆದರೆ ಒಂದು ಯೂನಿಟ್ ಉತ್ಪಾದನೆಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ.

ದೊಡ್ಡ ಎಲೆಕ್ಟ್ರಿಕ್ ಕಾರು ನೂರು ಕಿ.ಮೀ.ಗೆ 18 ಯೂನಿಟ್ ತಿನ್ನುತ್ತದೆ ಅನ್ನೋಣ. ಚಾರ್ಜಿಂಗಿನಲ್ಲಿ ಒಂದಿಷ್ಟು, ತಂತಿಯಲ್ಲಿ ಒಂದಿಷ್ಟು ಸೋರಿಹೋಗಿ, ಸ್ಥಾವರದಲ್ಲಿ 22-23 ಯೂನಿಟ್ ಹುಟ್ಟಬೇಕು. ಅಂದರೆ ಸುಮಾರು 16 ಕೆ.ಜಿ. ಹುಡುಗನ ಈಗಿನ ಕಾರು ಲೀಟರಿಗೆ 18 ಕಿ.ಮೀ. ಕೊಡುತ್ತದೆ. ನೂರಕ್ಕೆ ಐದೂವರೆ ಲೀಟರ್. ಲೀಟರ್ ಪೆಟ್ರೋಲ್ ಸುಟ್ಟರೆ 2.3 ಕೆ.ಜಿ., ಎಣ್ಣೆ ತೆಗೆದು ಶುದ್ಧ ಮಾಡಿ ಬಂಕಿಗೆ ತರುವ ಖರ್ಚು ಐದರಲ್ಲಿ ಒಂದು ಪಾಲು ಸೇರಿಸಿದರೆ ಒಟ್ಟು 15 ಕೆ.ಜಿ. ಎರಡೂ ಒಂದೇ ಆಯಿತಲ್ಲ! ಹುಡುಗನ ಮುಖ ಸಣ್ಣದಾಯಿತು.

ಇಷ್ಟಕ್ಕೇ ನಿಲ್ಲಿಸಿದರೆ ದೊಡ್ಡ ಕಾರಿಗೆ ಅನ್ಯಾಯ. ಅವನ ಬಳಿ ಇದ್ದದ್ದು ಲೀಟರಿಗೆ 12 ಕೊಡುವ ದೊಡ್ಡ ಡೀಸೆಲ್ ಗಾಡಿ ಆಗಿದ್ದರೆ ಅದೇ ನೂರು ಕಿ.ಮೀ.ಗೆ 27 ಕೆ.ಜಿ. ಬರುತ್ತಿತ್ತು. ಅಂಥವನು ಎಲೆಕ್ಟ್ರಿಕ್ಕಿಗೆ ಬದಲಾದರೆ ನೂರಕ್ಕೆ ನಲವತ್ತರಷ್ಟು ಉಳಿತಾಯ. ದಿನಕ್ಕೆ ಇನ್ನೂರು ಕಿ.ಮೀ. ಓಡಿಸುವ ಏರ್‌ಪೋರ್ಟ್ ಟ್ಯಾಕ್ಸಿಯವನಿಗೆ ನಾನು ಕಣ್ಣು ಮುಚ್ಚಿ ತಗೋ ಅನ್ನುತ್ತೇನೆ. ತಾರಸಿಯಲ್ಲಿ ಸೋಲಾರ್ ಹಾಕಿಸಿ ಹಗಲು ಹೊತ್ತು ಚಾರ್ಜು ಮಾಡುವವನ ಲೆಕ್ಕವೂ ಬೇರೆ. ಹಾಗೆಯೇ ಚಿಕ್ಕ ಪೆಟ್ರೋಲ್ ಕಾರಿನಿಂದ ಚಿಕ್ಕ ಎಲೆಕ್ಟ್ರಿಕ್ಕಿಗೆ ಬಂದರೆ 15 ಕೆ.ಜಿ. ಒಂಬತ್ತಕ್ಕೆ ಇಳಿಯುತ್ತದೆ. ಅಂಥ ಕಾರು ಸಿಗದೆ ಏನಿಲ್ಲ. 2023ರಲ್ಲಿ ಬಂದ ಎಂಜಿ ಕಾಮೆಟ್ ಮೂರು ಮೀಟರಿಗಿಂತ ಚಿಕ್ಕದು, ಬ್ಯಾಟರಿ 17.3 ಯೂನಿಟ್. ಅದನ್ನೂ ನೋಡಿ ನಗುವವರಿದ್ದಾರೆ.

ಬ್ಯಾಟರಿ ತಯಾರಿಸುವಾಗಿನ ಹೊಗೆಯನ್ನು ಷೋರೂಮಿನಲ್ಲಿ ಯಾರೂ ಹೇಳುವುದಿಲ್ಲ. ಒಂದು ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ ಮಾಡಲು 60ರಿಂದ 100 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ ಎಂಬುದು ಬಲ್ಲವರ ಅಂದಾಜು. ನಡುವಿನ 80 ಹಿಡಿದರೆ 79 ಯೂನಿಟ್ಟಿನ ಬ್ಯಾಟರಿ ಕಾರ್ಖಾನೆ ಬಿಡುವಾಗಲೇ ಆರು ಟನ್ ಸಾಲ ಹೊತ್ತಿರುತ್ತದೆ. ವರ್ಷಕ್ಕೆ ಹತ್ತು ಸಾವಿರ ಕಿ.ಮೀ. ಓಡಿಸುವ ನನ್ನ ಅಕ್ಕನ ಮಗನ ಕೈಯಲ್ಲಿ ಆ ಸಾಲ ಇವತ್ತಿನ ಕರೆಂಟಿನಲ್ಲಿ ತೀರುವುದೇ ಇಲ್ಲ. ಕರೆಂಟು ಸುಧಾರಿಸಿ ಯೂನಿಟ್ಟಿಗೆ ಅರ್ಧ ಕೆ.ಜಿ.ಗೆ ಇಳಿದರೂ ಹದಿನೈದು ವರ್ಷ ಬೇಕು, ಅಷ್ಟರಲ್ಲಿ ಬ್ಯಾಟರಿಗೆ ಮುಪ್ಪು. 20 ಯೂನಿಟ್ಟಿನ ಬ್ಯಾಟರಿಯ ಸಾಲ ಒಂದೂವರೆ ಟನ್ ಚಿಲ್ಲರೆ, ಮೂರು ವರ್ಷದೊಳಗೆ ತೀರುತ್ತದೆ.

ಲಿಥಿಯಂ ನಮ್ಮ ಮಂಡ್ಯದಲ್ಲೇ ಸಿಕ್ಕಿದೆಯಲ್ಲ ಎನ್ನುವವರೂ ಇದ್ದಾರೆ. ಶ್ರೀರಂಗಪಟ್ಟಣದ ಕಡೆ ಮರಳಗಾಲ, ಅಲ್ಲಾಪಟ್ಟಣದ ಸುತ್ತ ಅಣುಶಕ್ತಿ ಇಲಾಖೆಯವರು ಅಂದಾಜು ಮಾಡಿರುವುದು 1,600 ಟನ್. ಒಂದು ಯೂನಿಟ್ಟಿಗೆ ನೂರು ಗ್ರಾಂ ಲಿಥಿಯಂ ಎಂದು ಹಿಡಿದರೆ 79 ಯೂನಿಟ್ಟಿನ ಕಾರಿಗೆ ಎಂಟು ಕೆ.ಜಿ. ಬೇಕು. ಮಂಡ್ಯದ್ದನ್ನು ಒಂದು ಚೂರೂ ಪೋಲಾಗದಂತೆ ತೆಗೆದರೂ ಎರಡು ಲಕ್ಷ ಕಾರಿಗೆ ಮುಗಿಯಿತು. ರೇವಾದಂಥ ಹತ್ತು ಯೂನಿಟ್ಟಿನವು ಆದರೆ ಹದಿನಾರು ಲಕ್ಷ. ಮೂರು ಯೂನಿಟ್ಟಿನ ಸ್ಕೂಟರಾದರೆ ಐವತ್ತು ಲಕ್ಷ ದಾಟುತ್ತದೆ. ಒಂದು ಕೋಟಿಗೂ ಹೆಚ್ಚು ವಾಹನ ನೋಂದಣಿಯಾಗಿರುವ ಬೆಂಗಳೂರಿನಲ್ಲಿ ಬಹುಪಾಲು ದ್ವಿಚಕ್ರಗಳೇ. ಗಣಿಯಿಂದ ಬಂದ ಲಿಥಿಯಂ ಮೊದಲು ಯಾರ ಗಾಡಿಗೆ ಹೋಗಬೇಕು ಎಂದು ನನ್ನನ್ನು ಕೇಳಿದರೆ ನಾನು ಸ್ಕೂಟರಿನವನ ಕಡೆ ಕೈ ತೋರಿಸುತ್ತೇನೆ.

ಗುಜರಿಯ ಬಗ್ಗೆ ಒಂದು ಮಾತು. ಸೀಸದ ಬ್ಯಾಟರಿ ಸತ್ತರೂ ಬೆಲೆ ಇರುತ್ತದೆ, ಯಾರೂ ಬಿಸಾಡುವುದಿಲ್ಲ. ಹಾಗೆಂದು ಅದೇನೂ ಸಾಧು ಪ್ರಾಣಿಯಲ್ಲ. ಹಿತ್ತಲಿನಲ್ಲಿ ಒಲೆ ಹೂಡಿ ಸೀಸ ಕರಗಿಸುವವರಿಂದ ಸುತ್ತಲಿನ ಮಕ್ಕಳ ರಕ್ತಕ್ಕೆ ವಿಷ ಸೇರುತ್ತದೆ. ಲಿಥಿಯಂ ಬ್ಯಾಟರಿಗೆ ನಮ್ಮ ರಸ್ತೆಯಲ್ಲಿ ಇನ್ನೂ ಅಂಥ ಸರಾಗವಾದ ಗುಜರಿ ದಾರಿ ಇಲ್ಲ. ತಯಾರಕರೇ ಹಳೆಯದನ್ನು ವಾಪಸು ಪಡೆದು ಮರುಬಳಕೆ ಮಾಡಬೇಕು ಎಂಬ ನಿಯಮ 2022ರಲ್ಲಿ ಬಂದಿದೆ. ದೊಡ್ಡ ಕಾರುಗಳ ಬ್ಯಾಟರಿಗಳು ಸಾಲಾಗಿ ಮುದಿಯಾಗಿ ಬರುವ ದಿನ ಅದರ ಪರೀಕ್ಷೆ.

ಹಾಗಾದರೆ ದೊಡ್ಡ ಎಲೆಕ್ಟ್ರಿಕ್ ವಾಹನವೇ ಬೇಡವೇ? ಬೇಕು, ಅದು ನಿಜಕ್ಕೂ ದೊಡ್ಡದಾಗಿದ್ದರೆ. 2014ರಲ್ಲಿ ಬಿಎಂಟಿಸಿ ಚೀನಾದ ಬಿವೈಡಿ ಕಂಪನಿಯ ಎಲೆಕ್ಟ್ರಿಕ್ ಬಸ್ಸೊಂದನ್ನು ಪ್ರಯೋಗಕ್ಕೆ ಓಡಿಸಿತ್ತು. 2022ರಿಂದ 12 ಮೀಟರಿನ ಎಲೆಕ್ಟ್ರಿಕ್ ಬಸ್ಸುಗಳು ಸಾಲಾಗಿ ಬಂದವು, ಈಗ ಸಾವಿರಕ್ಕೂ ಹೆಚ್ಚಿವೆ. ಇಂಥ ಬಸ್ಸಿನ ಬ್ಯಾಟರಿಯೂ ಹಮ್ಮರ್‌ನಂತೆ ಇನ್ನೂರು ಯೂನಿಟ್ಟಿನ ಆಸುಪಾಸಿನದೇ. ಆದರೆ ಇದು ಬೆಳಿಗ್ಗೆ ಡಿಪೋ ಬಿಟ್ಟರೆ ರಾತ್ರಿಯವರೆಗೆ ಓಡುತ್ತದೆ. ಒಂದು ಕಿ.ಮೀ.ಗೆ ಯೂನಿಟ್ಟಿನ ಮೇಲೆ ಸ್ವಲ್ಪ ತಿನ್ನುತ್ತದೆ, ನಲವತ್ತು ಜನ ಹತ್ತಿದರೂ ಒಬ್ಬೊಬ್ಬರಿಗೆ ನೂರು ಕಿ.ಮೀ.ಗೆ ಮೂರು ಯೂನಿಟ್ ಬಿದ್ದೀತು. ಒಬ್ಬನೇ ಕೂತು ಹೋಗುವ ದೊಡ್ಡ ಕಾರಿನಲ್ಲಿ ಅದು ಹದಿನೆಂಟು. ಇನ್ನು ಮೆಟ್ರೋಗೆ ಬ್ಯಾಟರಿಯ ಹಂಗೇ ಇಲ್ಲ, ಹಳಿಯ ಪಕ್ಕದ 750 ವೋಲ್ಟಿನ ಪಟ್ಟಿಯಿಂದ ನೇರ ಕರೆಂಟು, ಆರು ಬೋಗಿಯಲ್ಲಿ ಸಾವಿರಕ್ಕೂ ಹೆಚ್ಚು ಜನ. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಸಿಲ್ಕ್ ಬೋರ್ಡ್, ಎಲೆಕ್ಟ್ರಾನಿಕ್ ಸಿಟಿ ಹಾದು ಬೊಮ್ಮಸಂದ್ರಕ್ಕೇ ಹೋಗುತ್ತದೆ, 19 ಕಿ.ಮೀ. ಅಕ್ಕನ ಮಗನಿಗೆ ಮನೆಯ ಹತ್ತಿರದಿಂದ ಆಫೀಸಿನ ಹತ್ತಿರಕ್ಕೆ. ಕಾರು ಕೊಳ್ಳುವ ಮಾತು ಸದ್ಯಕ್ಕೆ ತಣ್ಣಗಾಗಿದೆ, ವಾರದಲ್ಲಿ ಕೆಲವು ದಿನ ಮೆಟ್ರೋದಲ್ಲಿ ಹೋಗುತ್ತಾನೆ. ಉಳಿದ ದಿನ ಹಳೆಯ ಪೆಟ್ರೋಲ್ ಕಾರೇ. ಅದಕ್ಕೆ ನನ್ನ ಆಕ್ಷೇಪಣೆಯಿಲ್ಲ. ಓಡುವ ಚಿಕ್ಕ ಕಾರನ್ನು ಮಾರಿ ದೊಡ್ಡದು ತಂದು ಭೂಮಿ ಉಳಿಸಿದೆ ಅನ್ನುವುದಕ್ಕಿಂತ ಇದು ವಾಸಿ.

ಸರ್ಕಾರದ ಲೆಕ್ಕದಲ್ಲಿ ಮಾತ್ರ ತೂಕಕ್ಕೆ ಇನ್ನೂ ಜಾಗವಿಲ್ಲ. ಪೆಟ್ರೋಲ್, ಡೀಸೆಲ್ ಕಾರಾದರೆ ನಾಲ್ಕು ಮೀಟರಿಗಿಂತ ಉದ್ದವೇ, ಇಂಜಿನ್ ಎಷ್ಟು ಸಿಸಿ ಎಂದು ಟೇಪು ಹಿಡಿದು ಅಳೆಯುತ್ತಾರೆ. 2025ರ ಸೆಪ್ಟೆಂಬರಿನಿಂದ ಚಿಕ್ಕದಕ್ಕೆ ಶೇ 18 ಜಿಎಸ್‌ಟಿ, ದೊಡ್ಡದಕ್ಕೆ ಶೇ 40. ಎಲೆಕ್ಟ್ರಿಕ್ ಎಂದ ಕೂಡಲೇ ಟೇಪು ಮಡಚಿಟ್ಟುಬಿಡುತ್ತಾರೆ: 17 ಯೂನಿಟ್ಟಿನದಕ್ಕೂ ಶೇ 5, 79 ಯೂನಿಟ್ಟಿನದಕ್ಕೂ ಶೇ 5. 2017ರಲ್ಲಿ ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದದ್ದು ನಮ್ಮ ರಾಜ್ಯ. 2024ರಲ್ಲಿ 25 ಲಕ್ಷ ರೂಪಾಯಿ ಮೀರಿದ ಎಲೆಕ್ಟ್ರಿಕ್ ಕಾರಿಗೆ ಶೇ 10 ಜೀವಾವಧಿ ತೆರಿಗೆ ತಂದದ್ದೂ ನಮ್ಮ ರಾಜ್ಯವೇ. ದಿಕ್ಕು ಸರಿಯಿದೆ, ಆದರೆ ಅಳೆದದ್ದು ಬೆಲೆಯನ್ನು. ಕರೆಂಟಿನ ಬಹುಪಾಲು ನೀರಿನಿಂದಲೇ ಬರುವ, ಹೊಗೆಯ ಚಿಂತೆ ಅಷ್ಟಾಗಿ ಇಲ್ಲದ ನಾರ್ವೆ ಕೂಡ 2023ರಿಂದ ಹೊಸ ಎಲೆಕ್ಟ್ರಿಕ್ ಕಾರಿನ 500 ಕೆ.ಜಿ. ಮೇಲಿನ ಪ್ರತಿ ಕಿಲೋಗೂ ತೆರಿಗೆ ಹಾಕುತ್ತಿದೆ. ಪ್ಯಾರಿಸ್ ನಗರ 2024ರಲ್ಲಿ ಜನರ ಮತ ಕೇಳಿ ಭಾರದ ಕಾರುಗಳ ಪಾರ್ಕಿಂಗ್ ಶುಲ್ಕವನ್ನು ಮೂರು ಪಟ್ಟು ಮಾಡಿತು. ಎಲೆಕ್ಟ್ರಿಕ್ಕಿಗೂ ಅಲ್ಲಿ ರಿಯಾಯಿತಿ ಎರಡು ಟನ್ನಿನವರೆಗೆ ಮಾತ್ರ.

ಕಾರು ಕೊಳ್ಳಲು ಹೊರಟ ಓದುಗರು ಷೋರೂಮಿನಲ್ಲಿ ಬಣ್ಣ ಕೇಳುವ ಮುಂಚೆ ಬ್ಯಾಟರಿ ಎಷ್ಟು ಯೂನಿಟ್, ಗಾಡಿ ಎಷ್ಟು ಕಿಲೋ ಎಂದು ಕೇಳಿ. ತೆರಿಗೆ ಹಾಕುವವರಿಗೂ ನನ್ನದು ಅದೇ ಕೋರಿಕೆ: ಎಲೆಕ್ಟ್ರಿಕ್ಕಿಗೆ ಕೊಡುವ ರಿಯಾಯಿತಿ ಸ್ಕೂಟರಿಗೆ, ಆಟೋಗೆ, ಬಸ್ಸಿಗೆ, ಪುಟ್ಟ ಕಾರಿಗೆ ಪೂರ್ತಿ ಸಿಗಲಿ, ಭಾರ ಏರಿದಂತೆ ಇಳಿಯಲಿ. ಇದಕ್ಕೆ ಹೊಸ ಇಲಾಖೆಯೂ ಬೇಡ, ಹೊಸ ಯಂತ್ರವೂ ಬೇಡ. ಗಾಡಿಯ ಖಾಲಿ ತೂಕ ಎಷ್ಟೆಂದು ಪ್ರತಿಯೊಂದು ಆರ್.ಸಿ.ಯಲ್ಲೂ ಈಗಲೇ ಬರೆದಿರುತ್ತದೆ.